ಎರಡು ದಿಂಬಿನ ಸಕ್ಕರೆ

ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಆಕೆಯದು ಒಂದೇ ಕೋಣೆಯ ಹೊಲಿಗೆ ಅಂಗಡಿ. ಗಿರಾಕಿಗಳಿಗೆಲ್ಲ ಆಕೆ ಟೈಲರಕ್ಕ. ಏಳನೇ ತರಗತಿಯಲ್ಲಿ ವಿಜ್ಞಾನಕ್ಕೆ ಸೊನ್ನೆ ಸುತ್ತಿಸಿಕೊಂಡು ಬಂದವಳು ಮತ್ತೆ ಶಾಲೆಯತ್ತ ತಲೆ ಹಾಕಲಿಲ್ಲ. ಅಮ್ಮನ ಮಿಷನ್ ಮುಂದೆ ಕೂತವಳು ಮೂವತ್ತು ವರ್ಷವಾದರೂ ಎದ್ದಿರಲಿಲ್ಲ. ತಂಗಿ ಮಾತ್ರ ಓದಿ, ಕಣ್ಣು ಕಾಣದ ಮಕ್ಕಳ ಶಾಲೆಯಲ್ಲಿ ಅದೇ ವಿಜ್ಞಾನ ಕಲಿಸುತ್ತಿದ್ದಳು.

ಒಂದು ಸಂಜೆ ತಂಗಿ ಸಪ್ಪೆ ಮುಖ ಹೊತ್ತು ಬಂದಳು. “ಸಕ್ಕರೆ ಹೇಗಾಗುತ್ತೆ ಅಂತ ಕೇಳಿದ್ರೆ ಮಕ್ಕಳು ಗಿಳಿಪಾಠ ಒಪ್ಪಿಸ್ತಾರೆ ಕಣಕ್ಕಾ. ಒಬ್ಬರ ತಲೆಗೂ ಹೋಗಿಲ್ಲ. ಕೈಗೆ ಸಿಗೋ ಹಾಗೆ ಏನಾದ್ರೂ ಹೊಲಿದು ಕೊಡ್ತೀಯಾ?”

“ಹೊಲಿಯೋಣ. ಅರ್ಥ ಆಯ್ತಾ ಅಂತ ಮಾತ್ರ ನನ್ನ ಕೇಳ್ಬೇಡ.”

ಗ್ಲೂಕೋಸ್, ಫ್ರಕ್ಟೋಸ್ ಎರಡೂ ಸೇರಿದರೆ ಸಕ್ಕರೆ ಎಂದಳು ತಂಗಿ. ಗ್ಲೂಕೋಸ್‌ಗೆ ಆರು ಮೂಲೆಯ ಪುಟ್ಟ ದಿಂಬು, ಫ್ರಕ್ಟೋಸ್‌ಗೆ ಐದು ಮೂಲೆಯದು. ಅಕ್ಕ ಎರಡನ್ನೂ ಸೇರಿಸಿ ಹೊಲಿದೇಬಿಟ್ಟಳು. ತಂಗಿ ನಕ್ಕಳು.

“ಸುಮ್ನೆ ಅಂಟ್ಕೊಳ್ಳಲ್ಲ ಅಕ್ಕಾ. ಒಂದು ಕಡೆಯಿಂದ ಹೈಡ್ರೋಜನ್ ಹೋಗ್ಬೇಕು, ಇನ್ನೊಂದು ಕಡೆಯಿಂದ ಆಕ್ಸಿಜನ್ನೂ ಹೈಡ್ರೋಜನ್ನೂ ಜೊತೆಯಾಗಿ. ಹೊರಗೆ ಹೋದದ್ದು ಸೇರಿ ನೀರಾಗುತ್ತೆ. ಉಳಿದ ಒಂದು ಆಕ್ಸಿಜನ್ ಎರಡನ್ನೂ ಹಿಡ್ಕೊಳ್ಳುತ್ತೆ.”

“ಓ, ಜೋಡಿಸೋವಾಗ ಎರಡೂ ಬಟ್ಟೆಯ ಅಂಚು ಹೋಗುತ್ತಲ್ಲ, ಹಾಗೆ! ಇಷ್ಟು ಹೇಳೋಕೆ ನಮ್ಮ ಮೇಷ್ಟ್ರು ಬೆತ್ತ ಯಾಕೆ ಹಿಡೀತಿದ್ರೋ!”

ಹೊಲಿಗೆ ಬಿಚ್ಚಿ ಟಿಚ್ ಬಟನ್ ಹಾಕಿದಳು. ನೀರಾಗಲು ಎರಡೂ ದಿಂಬಿನಿಂದ ಕಳಚಿ ಬರುವ ತುಣುಕುಗಳಿಗೆ ನುಣುಪಾದ ಸ್ಯಾಟಿನ್ ಬಟ್ಟೆ.

ಮರುದಿನ ತಂಗಿ ಬಿಡದೆ ಶಾಲೆಗೂ ಕರೆದೊಯ್ದಳು. ಅಕ್ಕ ಹಿಂದಿನ ಬೆಂಚಿನಲ್ಲಿ ಮುದುರಿ ಕೂತಳು. ತರಗತಿಯ ಮಾತಿನಮಲ್ಲಿ ದಿಂಬುಗಳನ್ನು ತಡವಿ, ತುಣುಕು ಕಿತ್ತು, ಟಿಕ್ಕೆಂದು ಜೋಡಿಸಿದಳು. ಮುಷ್ಟಿಯಲ್ಲಿ ಸ್ಯಾಟಿನ್ ಉಳಿದಿತ್ತು.

“ಇದೇ ನೀರಾ ಮಿಸ್? ಮತ್ತೆ ಬಿಡಿಸೋದು ಹೇಗೆ?”

“ಆ ನೀರನ್ನ ವಾಪಸ್ ಕೊಡ್ಬೇಕು. ಹೊಟ್ಟೆಯಲ್ಲಿ ನಡೆಯೋದೂ ಅದೇ.”

ಹುಡುಗಿ ಬಟನ್ ಬಿಚ್ಚಿ, ತುಣುಕುಗಳನ್ನು ಮರಳಿ ಅಂಟಿಸಿ, ಎರಡು ಕೈಯಲ್ಲಿ ಎರಡು ದಿಂಬು ಎತ್ತಿ ಹಿಡಿದಳು. ಮಿಕ್ಕವರು ನನಗೆ, ನನಗೆ ಎಂದು ಮುಗಿಬಿದ್ದರು.

ಆಮೇಲೆ ಅವಳು ಬೆಂಚು ತಡವುತ್ತಾ ಬಂದು ಅಕ್ಕನ ಕೈ ಹಿಡಿದಳು. “ಹೊಲಿದೋರು ನೀವಾ ಆಂಟಿ? ಬೆರಳೆಲ್ಲ ಒರಟು!”

“ಸೂಜಿ ಕೊಟ್ಟ ಬಹುಮಾನ ಕಣಮ್ಮಾ.”

ಹುಡುಗಿ ಆ ಬೆರಳುಗಳನ್ನು ಕೆನ್ನೆಗೆ ಒತ್ತಿಕೊಂಡಳು. ಅಕ್ಕ ಸರಿದು ಬೆಂಚಿನಲ್ಲಿ ಅವಳಿಗೆ ಜಾಗ ಮಾಡಿದಳು.

“ಹಾಲಿನ ಸಕ್ಕರೆನೂ ಹೊಲೀತೀರಾ?”

“ಅದಕ್ಕೆ ಎಷ್ಟು ಮೂಲೆಯೇ?” ಅಕ್ಕ ತಂಗಿಯನ್ನು ಕೇಳಿದಳು.

“ಗ್ಲೂಕೋಸು, ಗ್ಯಾಲಕ್ಟೋಸು. ಎರಡಕ್ಕೂ ಆರಾರು.”

“ನಾಳೆಗೇ ಕೊಡ್ತೀನಿ,” ಎಂದಳು ಅಕ್ಕ. ಯಾವ ಗಿರಾಕಿಗೂ ಆಕೆ ಎಂದೂ ಹೇಳದ ಮಾತು ಅದು. ಆ ವಾರ ಮೂವರ ಅಂಗಿ ತಡವಾಯಿತು.