ಪ್ರಿನ್ಸಿಪಾಲರ ವಡೆ

ದೂರದ ಫತೇಗಂಜಿನಲ್ಲಿದ್ದ ನಮ್ಮ ಉಡುಪಿ ಹೋಟೆಲಿಗೆ ಸೆಮಿನರಿಯ ಪ್ರಿನ್ಸಿಪಾಲರೊಬ್ಬರು ಬರುತ್ತಿದ್ದರು, ಮಂಗಳೂರು ಕಡೆಯವರು. ಎಲ್ಲ ಪಂಥದ ಚರ್ಚುಗಳೂ ಅವರಲ್ಲಿಗೆ ಹುಡುಗರನ್ನು ಪಾದ್ರಿ ಓದಿಗೆ ಕಳಿಸುತ್ತಿದ್ದವು. ಯಾರು ಏನು ಕೇಳಿದರೂ ಕನ್ನಡಕ ಒರೆಸುತ್ತಾ, "ನಿಮ್ಮಲ್ಲಿ ಹೇಗೋ ಹಾಗೆ" ಎನ್ನುತ್ತಿದ್ದರು.

ಒಮ್ಮೆ ಬೇರೆ ಬೇರೆ ಪಂಥದ ಇಬ್ಬರು ಪಾದ್ರಿಗಳು ಅವರನ್ನು ನಡುವೆ ಕೂರಿಸಿಕೊಂಡು ಪಟ್ಟು ಹಿಡಿದರು. "ದೀಕ್ಷಾಸ್ನಾನಕ್ಕೆ ನೀರು ಚಿಮುಕಿಸಿದರೆ ಸಾಕಾ, ಪೂರ್ತಿ ಮುಳುಗಿಸಬೇಕಾ? ಇವತ್ತು ಹೇಳದಿದ್ರೆ ನಮ್ಮ ಹುಡುಗರನ್ನ ವಾಪಸ್ ಕರೆಸ್ತೇವೆ."

ಆಗಲೇ ನಾನು ಆರ್ಡರ್ ತಗೊಳ್ಳಲು ಹೋಗಿ ಎಂದಿನಂತೆ ಕೇಳಿದೆ: "ವಡೆ ಸಾಂಬಾರಲ್ಲಿ ಮುಳುಗಿಸಿ ಕೊಡ್ಲಾ ಸರ್, ಬೇರೆ ಬೇರೆ ಕೊಡ್ಲಾ?"

ಮೂವರೂ ನನ್ನನ್ನೇ ನೋಡಿದರು. ಪ್ರಿನ್ಸಿಪಾಲರು ಕನ್ನಡಕ ಒರೆಸಿದರು. "ನಂಗೆ ಇವತ್ತು ದೋಸೆ ಸಾಕು ಮಾರಾಯ್ರೆ."

ಪಾದ್ರಿಗಳಿಗೂ ನಗು ತಡೆಯಲಾಗಲಿಲ್ಲ.

ಒಬ್ಬರೇ ಬಂದಾಗ ಅವರು ವಡೆ ಹೇಗೆ ತಿನ್ನುತ್ತಿದ್ದರೆಂದು ನನಗೆ ಗೊತ್ತು. ಅವರು ನಿವೃತ್ತರಾಗಿ ಊರಿಗೆ ಹೋದ ಮೇಲೂ ಆ ಇಬ್ಬರು ಪಾದ್ರಿಗಳು ಒಬ್ಬೊಬ್ಬರಾಗಿ ಬಂದು, ಅವರು ವಡೆ ಮುಳುಗಿಸಿ ತಿನ್ನುತ್ತಿದ್ದರಾ ಎಂದು ನನ್ನನ್ನು ಕೇಳುತ್ತಾರೆ.

"ನಿಮ್ಮಲ್ಲಿ ಹೇಗೋ ಹಾಗೆ" ಎನ್ನುತ್ತೇನೆ.