ಗೋಡೆಯೊಳಗಿನ ದಾರಿ ಕಾಯುವ ಶಿದ್ಲಿಂಗಪ್ಪ

ಅಂಕಲಗಿಯಲ್ಲಿ ಇನ್ನೂ ಬೆಳಕು ಹರಿದಿಲ್ಲ. ಹಾಲಿನ ಕ್ಯಾನು ಕಟ್ಟಿಕೊಂಡ ಸೈಕಲ್ಲೊಂದು ಮಂಜಿನೊಳಗಿಂದ ಬಂದು ಮಂಜಿನೊಳಗೇ ಹೋಗುತ್ತದೆ. ಊರವರೇ ಕೂಡಿ ನಡೆಸುವ ಹೆಣ್ಣುಮಕ್ಕಳ ಕಂಪ್ಯೂಟರ್ ತರಗತಿಯ ಹಿಂದಿನ ಕೋಣೆಯಲ್ಲಿ ಒಬ್ಬರು ಏಣಿ ಹತ್ತಿ ನಿಂತಿದ್ದಾರೆ. ಒಂದು ಕೈಯಲ್ಲಿ ಬ್ಯಾಟರಿ, ಇನ್ನೊಂದು ಕೈ ಗೋಡೆಯ ಮೇಲೆ. ಗೋಡೆಗುಂಟ ಓಡಿದ ಬೂದು ಬಣ್ಣದ ಕೇಬಲ್ಲನ್ನು ಅವರು ಜಪಮಣಿ ಎಣಿಸುವವರ ಹಾಗೆ ಗೇಣುಗೇಣಾಗಿ ಮುಟ್ಟುತ್ತ ಹೋಗುತ್ತಾರೆ. ತುಟಿಗಳೂ ಅಲುಗುತ್ತಿವೆ.

ಇವರು ಯಮಕನಮರಡಿಯ ಶಿದ್ಲಿಂಗಪ್ಪ. ವಯಸ್ಸು ನಲವತ್ಮೂರು. ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಮಾತು ಒಯ್ಯುವ ತಂತಿ ದಣಿದರೆ, ಕಡೆಗೆ ಇವರಿಗೇ ಫೋನು ಬರುತ್ತದೆ. ಕಡೆಗೆ ಎಂಬ ಮಾತನ್ನು ಅವರೇ ಒತ್ತಿ ಹೇಳುತ್ತಾರೆ. "ಮೊದಲ ವೈರಸ್ ಅಂತಾರ್ರಿ. ಆಮ್ಯಾಲ ಮಷಿನ್ ಹಳೇದಾತು ಅಂತಾರ. ಎಲ್ಲಾರ ಮ್ಯಾಲೂ ತಪ್ಪ ಹೊರಿಸಿ ಮುಗದ ಮ್ಯಾಲ ತಂತಿ ನೆನಪಾಕ್ಕೈತಿ. ಕಣ್ಣಿಗಿ ಬೀಳಂಗಿಲ್ಲ ನೋಡ್ರಿ, ಅದಕ್ಕ."

ಅಂಕಲಗಿಯಲ್ಲಿ ಆಗಿದ್ದೂ ಇದೇ. ಹತ್ತು ದಿನಗಳಿಂದ ಹಿಂದಿನ ಕೋಣೆಯ ಹತ್ತೂ ಕಂಪ್ಯೂಟರುಗಳು ನಿದ್ದೆಗಣ್ಣಿನಲ್ಲಿವೆ. ಆಫೀಸಿನ ಕೋಣೆಯ ದೊಡ್ಡ ಕಂಪ್ಯೂಟರಿನಿಂದ ಈ ಕೇಬಲ್ಲಿನಲ್ಲಿ ಬರುವ ಒಂದು ಪಾಠ ತೆರೆಯಲು ಕಾಲು ಗಂಟೆ ಬೇಕು. ಗೋಕಾಕದಿಂದ ಕಂಪ್ಯೂಟರ್ ರಿಪೇರಿಯವರು ಎರಡು ಸಲ ಬಂದು ಎಲ್ಲ ಅಳಿಸಿ ಹೊಸದಾಗಿ ತುಂಬಿ ಹೋದರೂ ಗುಣವಾಗಿಲ್ಲ. ಇವತ್ತು ಹತ್ತು ಗಂಟೆಗೆ ಪರೀಕ್ಷಾ ಮಂಡಳಿಯ ಇಬ್ಬರು ನೋಡಲು ಬರುವವರಿದ್ದಾರೆ. ಅವರ ಎದುರು ಹತ್ತೂ ಕಂಪ್ಯೂಟರುಗಳು ಒಟ್ಟಿಗೇ ಪ್ರಶ್ನೆಪತ್ರಿಕೆ ತೆರೆದರೆ ಪರೀಕ್ಷೆ ಇದೇ ಊರಲ್ಲಿ. ತೆರೆಯದಿದ್ದರೆ ಪರೀಕ್ಷಾ ಕೇಂದ್ರ ಗೋಕಾಕಕ್ಕೆ ಹೋಗುತ್ತದೆ.

ಇಪ್ಪತ್ತೆರಡು ಹುಡುಗಿಯರಿಗೆ ಆ 'ಹೋಗುತ್ತದೆ'ಯ ಭಾರ ಚೆನ್ನಾಗಿ ಗೊತ್ತು. ಅವರಲ್ಲೊಬ್ಬಳು ರೂಪಾಲಿ, ಕೈಯಲ್ಲಿ ಪುಸ್ತಕ ಹಿಡಿದು ಆರು ಗಂಟೆಗೇ ಬಾಗಿಲಲ್ಲಿ ನಿಂತಿದ್ದಾಳೆ. "ಇಲ್ಲೇ ಅಂದ್ರ ನಮ್ಮಪ್ಪಾ ಬ್ಯಾಡ ಅನ್ನಂಗಿಲ್ರಿ. ಗೋಕಾಕ ಅಂದ್ರ, ಕಲತದ್ದ ಸಾಕು ಮನ್ಯಾಗ ಕುಂಡ್ರು ಅಂತಾನ" ಎನ್ನುತ್ತಾಳೆ. ಹೇಳುವಾಗ ಅವಳ ಕಣ್ಣು ಏಣಿಯ ಮೇಲಿದೆ.

ಶಿದ್ಲಿಂಗಪ್ಪನವರ ತಂದೆ ಪುಂಡಿ ನಾರಿನ ಹಗ್ಗ ಹೊಸೆಯುತ್ತಿದ್ದವರು. ಕೆರೆಯಲ್ಲಿ ನೆನೆಸಿದ ಪುಂಡಿಯ ವಾಸನೆ, ಒಣಗಿದ ನಾರಿನ ಬಿಳುಪು, ತಂದೆಯ ತೊಡೆಯ ಮೇಲೆ ಹೊರಳುವ ಎಳೆ, ಇವೇ ಅವರ ಬಾಲ್ಯ. ಹುರಿ ಬಿಗಿಯಿದ್ದರೆ ನಾಲ್ಕು ಎಳೆ ಎರಡು ಎತ್ತಿನ ಬಲ ತಡೆಯುತ್ತವೆ, ಹುರಿ ಸಡಿಲಾದರೆ ಕರುವೂ ಹರಿದುಕೊಂಡು ಹೋಗುತ್ತದೆ ಎಂದು ತಂದೆ ಹೇಳುತ್ತಿದ್ದರಂತೆ. ಮುಂದೆ ಶಿದ್ಲಿಂಗಪ್ಪ ಟೆಲಿಫೋನ್ ತಂತಿ ಹೂಳುವ ಕೂಲಿಗೆ ಸೇರಿ ಸಂಕೇಶ್ವರದ ರಸ್ತೆಬದಿಯಲ್ಲಿ ಏಳು ವರ್ಷ ಗುಂಡಿ ತೋಡಿದರು. ೧೯೯೯ರಲ್ಲಿ ಆ ಕೆಲಸ ನಿಂತಾಗ ಕೊಲ್ಲಾಪುರದ ಗುತ್ತಿಗೆದಾರರೊಬ್ಬರು ಹೊಸ ಕೇಬಲ್ಲಿನ ಸಿಪ್ಪೆ ಸುಲಿದು ತೋರಿಸಿದರು. ಒಳಗೆ ಎಂಟು ಎಳೆ, ಎರಡೆರಡು ಜೋಡಿಯಾಗಿ ಹೊಸೆದುಕೊಂಡು ಮಲಗಿದ್ದವು. "ಅಪ್ಪನ ಕೈ ನೋಡಿದಂಗಾತ್ರಿ. ಕಣ್ಣಾಗ ನೀರ ಬಂತು. ಆ ಗುತ್ತಿಗೆದಾರ, ಏ ಏನಾತೋ, ಕಣ್ಣಿಗಿ ತಂತಿ ಚುಚ್ಚಿತೇನು ಅಂದ."

ಈಗ ೨೦೦೪. ಐದು ವರ್ಷಗಳಲ್ಲಿ ಐವತ್ತೆಂಟು ಕಟ್ಟಡಗಳ ಗೋಡೆಗಳು ಅವರಿಗೆ ಪರಿಚಯ. ಹಳೆಯ ಟಿವಿಎಸ್ ಗಾಡಿಯ ಮೇಲೆ ದಿನಕ್ಕೆ ಅರವತ್ತು ಎಪ್ಪತ್ತು ಕಿಲೋಮೀಟರ್. ತಗಡಿನ ಕೆಳಗಿನ ಕಾವು, ಅಟ್ಟದ ಮೇಲಿನ ಕಣಜದ ಗೂಡು. ಹುಕ್ಕೇರಿಯಲ್ಲಿ ಒಮ್ಮೆ ಏಣಿ ಜಾರಿ ಮೊಣಕಾಲಿನ ಚಿಪ್ಪು ಬಿರುಕು ಬಿಟ್ಟಿದ್ದು ಚಳಿಗಾಲದಲ್ಲಿ ಇನ್ನೂ ನೋಯುತ್ತದೆ. ಮೂಡಲಗಿಯ ಒಂದು ಅಂಗಡಿಯಲ್ಲಿ ಕೇಬಲ್ಲನ್ನು ಹಿಟ್ಟಿನ ಗಿರಣಿಯ ಮೋಟಾರಿನ ವೈರಿಗೇ ಸುತ್ತಿ ಕಟ್ಟಿದ್ದರು. ಗಿರಣಿ ಸುತ್ತಿದಾಗಲೆಲ್ಲ ಕಂಪ್ಯೂಟರ್ ಮೂಕವಾಗುತ್ತಿತ್ತು. ಅದನ್ನು ಹಿಡಿಯಲು ಅವರಿಗೆ ಎರಡು ದಿನ ಬೇಕಾಯಿತು. ಎರಡನೆಯ ದಿನ ಸುಮ್ಮನೆ ಕಣ್ಣು ಮುಚ್ಚಿ ಕೂತು ಗಿರಣಿಯ ಸದ್ದು ಕೇಳುತ್ತಿದ್ದರಂತೆ.

ತುಟಿ ಅಲುಗುವುದೇಕೆ ಎಂಬುದು ಹೆಂಡತಿ ಕೆಂಪವ್ವನವರಿಗೆ ಗೊತ್ತು. ಎಳೆಗಳನ್ನು ಸೇರಿಸುವ ಬಣ್ಣದ ಕ್ರಮವದು. "ದೇವರ ಮುಂದ ಕುಂತ್ರೂ ಕಿತ್ತಳಿ-ಬಿಳಿ, ಕಿತ್ತಳಿ, ಹಸರ-ಬಿಳಿ, ನೀಲಿ ಅಂತಿರತಾರ್ರಿ. ಒಂದಿನ ಶಿವಾ ಎದ್ದ ಬಂದು, ಯಾವ ಬಣ್ಣದಾವ ಬೇಕೋ ನಿನಗ ಅಂತ ಕೇಳತಾನ" ಎಂದು ನಗುತ್ತಾರೆ.

ಏಣಿಯ ಬುಡ ಹಿಡಿದು ನಿಂತವರು ಇಲ್ಲಿನ ಕಾವಲುಗಾರ ಕರೆಪ್ಪ. ಅರವತ್ತು ದಾಟಿದವರು, ನೇಕಾರರ ಮನೆಯವರು. ಶಿದ್ಲಿಂಗಪ್ಪ ಕೇಬಲ್ಲಿನ ಎರಡೂ ತುದಿಗೆ ತಂತಿ ಪರೀಕ್ಷಿಸುವ ಡಬ್ಬಿ ಸಿಕ್ಕಿಸುತ್ತಾರೆ. ಎಂಟೂ ದೀಪ ಒಂದೊಂದಾಗಿ ಹತ್ತುತ್ತವೆ.

"ಎಲ್ಲಾ ಬರೋಬ್ಬರಿ ಐತೆಲ್ಲೋ ತಮ್ಮಾ" ಎನ್ನುತ್ತಾರೆ ಕರೆಪ್ಪ.

"ಉಸರ ಐತಿ ಕಾಕಾ, ದನಿ ಇಲ್ಲ. ಹುಡುಕೂಣು ತಡಿ."

ಮತ್ತೆ ಕೈ ಹೊರಡುತ್ತದೆ. ಬಾಗಿಲ ಮೇಲಿಂದ, ಅಟ್ಟದೊಳಗಿಂದ, ಟ್ಯೂಬ್‌ಲೈಟಿನ ಹಿಂದಿನವರೆಗೆ. ಅಲ್ಲಿ ನಿಲ್ಲುತ್ತದೆ. ಒಂದೂವರೆ ಮೊಳದಷ್ಟು ಉದ್ದ ಕೇಬಲ್ಲಿನ ಸಿಪ್ಪೆಯಿಲ್ಲ. ಒಳಗಿನ ಎಂಟೂ ಎಳೆಗಳ ಹುರಿ ಬಿಚ್ಚಿ, ತಿದ್ದಿ ತೀಡಿ, ಮಗ್ಗದ ಮೇಲೆ ಹಾಸಿದ ನೂಲಿನಂತೆ ಒಂದರ ಪಕ್ಕ ಒಂದು ಮಲಗಿಸಿ, ತುಂಡಾದಲ್ಲಿ ಕೂಡಿಸಿ ಟೇಪು ಸುತ್ತಿದ್ದಾರೆ ಯಾರೋ. ನೋಡಲು ಬಹಳ ಚಂದವಾಗಿದೆ.

"ಏ ಕಾಕಾ, ಇಲ್ಲಿ ಯಾರೋ ಸೀರಿ ನೇಯಾಕ ಹಚ್ಯಾರಲ್ಲೋ!"

ಕೆಳಗಿನಿಂದ ಕರೆಪ್ಪನವರ ದನಿ ಸಣ್ಣಗೆ ಬರುತ್ತದೆ. "ನಾನs ತಮ್ಮಾ. ಇಲಿ ಕಡದಿತ್ತು. ಹುಡುಗ್ಯಾರ ಅಭ್ಯಾಸ ನಿಂದರಬಾರದಂತ ನಾನs ಕೂಡಿಸಿದ್ನಿ. ಒಳಗ ಎಲ್ಲಾ ಸಿಕ್ಕ ಬಿದ್ದಿತ್ತು. ಎಳಿ ಬಿಡಿಸಿ ನೆಟ್ಟಗ ಮಾಡಿದ್ನಿ. ನೂಲ ಹಂಗs ಅಲ್ಲೇನು?"

ಶಿದ್ಲಿಂಗಪ್ಪ ಕೆಳಗಿಳಿದು ಅವರ ಪಕ್ಕ ನೆಲಕ್ಕೆ ಕೂರುತ್ತಾರೆ. ಗಡಿಯಾರ ಏಳೂವರೆ ತೋರಿಸುತ್ತಿದ್ದರೂ ಅವಸರವಿಲ್ಲ. "ನೂಲಿಗಿ ಅದು ಖರೆ ಕಾಕಾ. ಇವು ಗಂಡಾ ಹೆಂಡತಿ ಇದ್ದಂಗ. ಹೊಸಕೊಂಡಿದ್ರ ಹೊರಗಿನ ಗದ್ದಲ ಇವಕ್ಕ ತಾಗಂಗಿಲ್ಲ. ನೀ ಬಿಡಿಸಿ ಬ್ಯಾರೆ ಬ್ಯಾರೆ ಮಲಗಿಸೀದಿ. ಒಬ್ಬರ ಮಾತು ಒಬ್ಬರ ಕಿವ್ಯಾಗ ಬಿದ್ದು, ಬಾಜೂಕಿನ ಟ್ಯೂಬ್‌ಲೈಟಿನ ಗುಂಯ್‌ಗುಡೋದೂ ಕೂಡಿ, ಹೇಳಿದ್ದನ್ನs ಹತ್ತ ಸಲ ಹೇಳಾಕತ್ತಾವ. ಅದಕ್ಕ ತಡಾ."

"ಹಂಗಾರ ಕೇಂದ್ರ ಹೋದ್ರ ನನ್ನಿಂದs ಹೋತು."

"ಹೋಗಾಕ ಬಿಡತೀವೇನು? ಏಳು, ಹೊಸಾ ಕೇಬಲ್ ಎಳಿಯೂಣು. ನೀ ಆ ತುದಿ ಹಿಡಿ. ಮಗ್ಗದ ಕೈ ಅಂದ್ರ ಜಗ್ಗಂಗಿಲ್ಲ, ಹದಕ್ಕ ಸಡಿಲ ಬಿಟ್ಟ ಕೊಡತೈತಿ."

ತೇಪೆಯ ಮೇಲೆ ತೇಪೆ ಹಾಕುವುದು ಅವರ ರೀತಿಯಲ್ಲ. ನಲವತ್ತು ಮೀಟರ್ ಹೊಸ ಕೇಬಲ್ ಟ್ಯೂಬ್‌ಲೈಟಿನಿಂದ ದೂರ ಸರಿದು, ಕಿಟಕಿಯ ಮೇಲಿನಿಂದ ಹೊಸ ಹಾದಿ ಹಿಡಿಯುತ್ತದೆ. ಎಲ್ಲಿಯೂ ಮುರಿದು ಬಾಗಿಸುವುದಿಲ್ಲ. ಮೂಲೆಯಲ್ಲಿ ಹೊಳೆ ತಿರುಗುವ ಹಾಗೆ ತಿರುಗಿಸುತ್ತಾರೆ. ತುದಿಯಲ್ಲಿ ಅರ್ಧ ಬೆರಳಿನಷ್ಟು ಮಾತ್ರ ಹುರಿ ಬಿಚ್ಚಿ ಎಂಟು ಬಣ್ಣಗಳನ್ನು ಪ್ಲಗ್ಗಿನೊಳಗೆ ಸಾಲಾಗಿ ಕೂರಿಸಿ ಒತ್ತುತ್ತಾರೆ. ಒಂಬತ್ತೂ ಮುಕ್ಕಾಲಾಗಿದೆ. ಹುಡುಗಿಯರು ಕೈ ಮುಗಿದು ನಿಂತಿದ್ದಾರೆ, ದೇವರಿಗೋ ಕಂಪ್ಯೂಟರಿಗೋ ತಿಳಿಯದು.

ತರಗತಿ ನೋಡಿಕೊಳ್ಳುವ ಶುಭಾಂಗಿ ಮೇಡಂ ಓಡಿ ಬಂದು ಕೇಳುತ್ತಾರೆ, "ಏನಾಗಿತ್ರಿ?"

"ಇಲಿ ಕಡದಿತ್ರಿ" ಎಂದಷ್ಟೇ ಹೇಳಿ ಶಿದ್ಲಿಂಗಪ್ಪ ಚೀಲ ಕಟ್ಟುತ್ತಾರೆ. ಕರೆಪ್ಪ ಗೋಡೆಯ ಕಡೆ ಮುಖ ಮಾಡಿ ಕಸ ಗುಡಿಸುತ್ತಾರೆ. (ಇದನ್ನು ಬರೆಯಬಹುದೇ ಎಂದು ಮುಂದೆ ಕೇಳಿದಾಗ ಕರೆಪ್ಪನವರೇ ಒಪ್ಪಿದರು: "ಬರೀರಿ. ಇನ್ನೊಬ್ಬ ಶ್ಯಾಣ್ಯಾ ನನ್ನಂಗ ಮಾಡಬಾರದು.")

ಹತ್ತು ಗಂಟೆ ಹತ್ತು ನಿಮಿಷಕ್ಕೆ ಮಂಡಳಿಯವರು ತೆರೆಯಿರಿ ಎಂದು ತಲೆಯಾಡಿಸುತ್ತಾರೆ. ಹತ್ತೂ ಪರದೆಗಳ ಮೇಲೆ ಪ್ರಶ್ನೆಪತ್ರಿಕೆ ಒಟ್ಟಿಗೇ ಅರಳುತ್ತದೆ. ಕೇಂದ್ರ ಇಲ್ಲೇ ಉಳಿಯಿತು ಎಂದು ಅವರು ಸಹಿ ಮಾಡುವಾಗ ಶಿದ್ಲಿಂಗಪ್ಪ ಹೊರಗೆ ಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದಾರೆ. ಬಂದವರು ಹೋದ ಮೇಲೆ ಮೇಡಂ ಶಿದ್ಲಿಂಗಪ್ಪನವರನ್ನು ಒಳಗೆ ಕರೆಯುತ್ತಾರೆ. ಏನಾದರೂ ಆಸೆ ಇದೆಯೇ ಎಂದರೆ ಅವರು ತುಸು ನಾಚುತ್ತಾರೆ.

"ಐವತ್ತೆಂಟ ಕಡೆ ತಂತಿ ಎಳದೇನ್ರಿ. ಒಮ್ಮೀನೂ ಕಂಪ್ಯೂಟರ್ ಮುಂದ ಕುಂತಿಲ್ಲ. ನಮ್ಮ ಕೆಲಸ ಹಿಂದ ನೋಡ್ರಿ. ಒಮ್ಮೆ ನಂದೂ ಏನರ ಒಂದು ಆ ತಂತ್ಯಾಗ ಹೋಗಲಿ ಅಂತ..."

ಮೇಡಂ ಆಫೀಸಿನ ದೊಡ್ಡ ಕಂಪ್ಯೂಟರಿನ ಕುರ್ಚಿ ಎಳೆದುಕೊಡುತ್ತಾರೆ. ಶಿದ್ಲಿಂಗಪ್ಪ ಕೈಯನ್ನು ಧೋತರಕ್ಕೆ ಎರಡು ಸಲ ಒರೆಸಿಕೊಂಡು, ಅವರು ತೋರಿಸಿದ ಅಕ್ಷರಗಳನ್ನು ಒಂದೇ ಬೆರಳಿನಿಂದ ಒತ್ತಿ ತಮ್ಮ ಹೆಸರು ಬರೆಯುತ್ತಾರೆ. ಮೇಡಂ ಅದನ್ನು ಹೊಸ ಕೇಬಲ್ಲಿನಲ್ಲಿ ಹಿಂದಿನ ಕೋಣೆಗೆ ಕಳಿಸುತ್ತಾರೆ. ಶಿದ್ಲಿಂಗಪ್ಪ ಎದ್ದು ಪಡಸಾಲೆಗುಂಟ, ನೋಯುವ ಮೊಣಕಾಲು ಎಳೆಯುತ್ತ, ಮೆಲ್ಲಗೆ ನಡೆದು ಹೋಗುತ್ತಾರೆ. ಬಾಗಿಲಿಗೆ ಬರುವ ಹೊತ್ತಿಗೆ ರೂಪಾಲಿ ಪರದೆ ನೋಡಿ ಗಟ್ಟಿಯಾಗಿ ಓದುತ್ತಿದ್ದಾಳೆ, "ಶಿದ್ಲಿಂಗಪ್ಪ!"

ಹೊಸ್ತಿಲಲ್ಲೇ ನಿಂತು ಅವರು ಬಹಳ ಹೊತ್ತು ನೋಡುತ್ತಾರೆ.

"ನನಗಿಂತ ಮೊದಲ ಬಂದ ಕುಂತೈತಲ್ರೀ" ಎನ್ನುತ್ತಾರೆ.