ಗಾಡಿ ಇಲ್ಲದ ನಿಜಗುಣಪ್ಪನವರ ಪೆಟ್ರೋಲ್ ಕಾರ್ಡು

ಬೈಲಹೊಂಗಲದ ಪೇಟೆಯಲ್ಲಿ ಪಾತ್ರೆ ಅಂಗಡಿ ಇಟ್ಟುಕೊಂಡಿದ್ದ ನಿಜಗುಣಪ್ಪನವರು ಜೀವಮಾನದಲ್ಲಿ ಒಂದು ವಾಹನವನ್ನೂ ನಡೆಸಿದವರಲ್ಲ. ಹರೆಯದಲ್ಲಿ ಒಮ್ಮೆ ಸೈಕಲ್ ಕಲಿಯಲು ಹೋಗಿದ್ದರು. ಇಳಿಜಾರಿನಲ್ಲಿ ಬ್ರೇಕು ಹಿಡಿಯುವ ಬದಲು ಕಣ್ಣು ಮುಚ್ಚಿಕೊಂಡು, ಯಾರೋ ಅಂಗಳದಲ್ಲಿ ಒಣಹಾಕಿದ್ದ ಮೆಣಸಿನಕಾಯಿಯ ರಾಶಿಯೊಳಗೆ ತಲೆ ತೂರಿಸಿದರು. ಎದ್ದು ಬಂದವರು ಎಷ್ಟೋ ದಿನ ಸೀನಿದರು. ಸೀನು ನಿಂತ ದಿನವೇ ಸೈಕಲ್ ಮಾರಿಬಿಟ್ಟರು. ಅಲ್ಲಿಂದ ಮುಂದೆ ಹತ್ತಿರಕ್ಕೆ ಕಾಲ್ನಡಿಗೆ, ದೂರಕ್ಕೆ ಸರ್ಕಾರಿ ಬಸ್ಸು.

ಆದರೆ ಹೊಸ ವಸ್ತು ಎಂದರೆ ಅವರಿಗೆ ಪ್ರಾಣ. ಗುಂಡಿ ಒತ್ತಿದರೆ ತಾನೇ ಬಿಚ್ಚಿಕೊಳ್ಳುವ ಛತ್ರಿ ನಮ್ಮ ಓಣಿಗೆ ಮೊದಲು ಬಂದದ್ದು ಅವರ ಕೈಯಲ್ಲಿ. ಅಂಗಡಿಯೊಳಗೇ ಒತ್ತಿ ತೋರಿಸಲು ಹೋಗಿ ಗಿರಾಕಿಯೊಬ್ಬನ ಟೊಪ್ಪಿಗೆಯನ್ನು ಅಟ್ಟಕ್ಕೆ ಹಾರಿಸಿದ್ದರು. ತಂತಿ ಇಲ್ಲದ ಟೆಲಿಫೋನು ಬಂದಾಗ ಅದನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಸಂತೆಗೆ ಹೋಗುತ್ತಿದ್ದರು. ಮನೆಯ ಹೊಸ್ತಿಲು ದಾಟಿದರೆ ಅದು ಕೆಲಸ ಮಾಡುತ್ತಿರಲಿಲ್ಲ. ಆದರೂ ಬದನೆಕಾಯಿ ಆರಿಸುತ್ತ ಕಿವಿಗಿಟ್ಟುಕೊಂಡು "ಹಾಂ, ಹಾಂ, ನೋಡೂಣು" ಎನ್ನುತ್ತಿದ್ದರು.

ಅವರ ಹೆಂಡತಿ ಸಾವಿತ್ರೆವ್ವ ಪ್ರತಿ ಹೊಸ ವಸ್ತುವಿಗೂ ಒಂದೇ ಪ್ರಶ್ನೆ ಕೇಳುತ್ತಿದ್ದರು: "ಇದರಿಂದ ಏನಾಕ್ಕೈತ್ರಿ?" ನಿಜಗುಣಪ್ಪನವರು ಅಷ್ಟರಲ್ಲಿ ಅದರ ಇನ್ನೊಂದು ಗುಂಡಿ ಹುಡುಕುತ್ತಿರುತ್ತಿದ್ದರು.

ಎರಡು ಸಾವಿರದ ನಾಲ್ಕನೇ ಇಸವಿಯಲ್ಲಿ ಊರಿನ ಗೃಹ ನಿರ್ಮಾಣ ಸಹಕಾರಿ ಸಂಘದವರು ಸದಸ್ಯರ ಸಭೆ ಕರೆದರು. ನಾವೆಲ್ಲ ಅದನ್ನು ಸೊಸಾಯಿಟಿ ಎನ್ನುತ್ತಿದ್ದೆವು. ಹಂಚಬೇಕಾದ ಪ್ಲಾಟುಗಳನ್ನೆಲ್ಲ ಹಂಚಿ ಮುಗಿದಿತ್ತು; ಕಟ್ಟಬೇಕಾದವರು ಮನೆ ಕಟ್ಟಿಕೊಂಡಿದ್ದರು. ಈಗ ಸೊಸಾಯಿಟಿ ಬೆಳಗಾವಿಯ ಬ್ಯಾಂಕೊಂದರ ಜೊತೆ ಮಾತಾಡಿಕೊಂಡು ತನ್ನ ಸದಸ್ಯರಿಗೆ ಕ್ರೆಡಿಟ್ ಕಾರ್ಡು ಕೊಡಿಸಲು ಹೊರಟಿತ್ತು. ಕಾರ್ಯದರ್ಶಿ ಮಹಾದೇವ ಬಣ್ಣಬಣ್ಣದ ಮಾದರಿ ಕಾರ್ಡುಗಳನ್ನು ಮೇಜಿನ ಮೇಲೆ ಹರಡಿ ನಿಂತಿದ್ದ.

"ಹಸರದು ಬಟ್ಟಿ ಅಂಗಡ್ಯಾಗ ಚಲೋರಿ. ನೀಲಿದಕ್ಕ ವರ್ಷದ ಫೀ ಇಲ್ಲ, ಬಡ್ಡೀನೂ ಕಡಿಮಿ. ಇನ್ನ ಈ ಬಂಗಾರ ಬಣ್ಣದ್ದು ಐತಲ್ಲ, ಇದು ಗಾಡಿ ಇದ್ದವರಿಗೆ. ಪೆಟ್ರೋಲ್ ಬಂಕಿನ್ಯಾಗ ಉಜ್ಜಿದ್ರ ಡಬಲ್ ಪಾಯಿಂಟ್ ಬರ್ತಾವು."

ನಿಜಗುಣಪ್ಪನವರ ಕಣ್ಣು ಆಗಲೇ ಬಂಗಾರದ ಮೇಲೆ ನೆಟ್ಟಿತ್ತು. ಪಕ್ಕದಲ್ಲಿದ್ದ ಸಾವಿತ್ರೆವ್ವ ಮೆಲ್ಲಗೆ, "ನೀಲಿದು ತಗೋರಿ" ಎಂದರು.

"ನೀಲಿದು ನೋಡಿದ್ರ ರೇಷನ್ ಕಾರ್ಡ್ ನೋಡಿದಂಗ ಆಕ್ಕೈತಿ. ಮಹಾದೇವಾ, ನನಗ ಬಂಗಾರದ್ದು ಬರಕೋ."

"ಪೆಟ್ರೋಲ್ ಯಾತಕ್ಕ ಹಾಕಸಾವ್ರು?" ಸಾವಿತ್ರೆವ್ವನ ದನಿ ಈಗ ಇಡೀ ಸಭೆಗೆ ಕೇಳುವಂತಿತ್ತು. "ನಿಮ್ಮ ಚಪ್ಪಲಿಗೇನ್ರಿ?"

ಸಭೆ ನಕ್ಕಿತು. ನಿಜಗುಣಪ್ಪನವರು ಟೊಪ್ಪಿಗೆ ಸರಿಮಾಡಿಕೊಂಡು, "ನನ್ನ ಕಡೆ ಗಾಡಿ ಇಲ್ಲಂತ ಕಾರ್ಡಿಗೇನು ಗೊತ್ತಾಕ್ಕೈತಿ?" ಎಂದು ಸಹಿ ಹಾಕಿದರು.

ಕಾರ್ಡು ಅಂಚೆಯಲ್ಲಿ ಬಂದ ದಿನ ಅದನ್ನು ದೇವರ ಮುಂದಿಟ್ಟು ವಿಭೂತಿ ಹಚ್ಚಿದರು. ಹಿಂಬದಿಯ ಕರಿ ಪಟ್ಟಿ ಬೋಳಾಗಿ ಕಂಡಿತೆಂದು ಅದಕ್ಕೂ ಅಡ್ಡಲಾಗಿ ಮೂರು ಬೆರಳು ಎಳೆದರು. ಆಮೇಲೆ ಅದನ್ನು ಉಪಯೋಗಿಸಲು ಹೊರಬಿದ್ದರು.

ಪೇಟೆಯಲ್ಲಿ ಯಾರ ಹತ್ತಿರವೂ ಕಾರ್ಡು ಉಜ್ಜುವ ಯಂತ್ರ ಇರಲಿಲ್ಲ. ಬಟ್ಟೆ ಅಂಗಡಿಯವನು ಅದನ್ನು ಬೆಳಕಿಗೆ ಹಿಡಿದು, ಹಿಂದೆ ಮುಂದೆ ತಿರುಗಿಸಿ, "ಭಾಳ ಚಂದ ಐತ್ರಿ. ರೊಕ್ಕಾ ಯಾವಾಗ ಕೊಡ್ತೀರಿ?" ಎಂದ. ಖಾನಾವಳಿಯವನು ಮುಟ್ಟಲೂ ಇಲ್ಲ. ಕೊನೆಗೆ ನಿಜಗುಣಪ್ಪನವರು ಸೊಸಾಯಿಟಿಗೆ ಹೋಗಿ ಮಹಾದೇವನನ್ನು ತರಾಟೆಗೆ ತೆಗೆದುಕೊಂಡರು.

"ಕಿತ್ತೂರಿಗೆ ಹೋಗ್ರಿ," ಎಂದ ಮಹಾದೇವ. "ಹೈವೇ ಬಂಕಿನ್ಯಾಗ ಮಷೀನ್ ಬಂದೈತಿ. ಮತ್ತ ಒಂದ ಮಾತು, ಮೂರ ತಿಂಗಳೊಳಗ ಒಂದ ಸಲಾನರ ಉಜ್ಜಬೇಕು. ಇಲ್ಲಂದ್ರ ವರ್ಷದ ಫೀ ಬೀಳ್ತೈತಿ."

ಗಡುವು ಮುಗಿಯಲು ಹೆಚ್ಚು ದಿನ ಉಳಿದಿರಲಿಲ್ಲ. ಮರುದಿನವೇ ನಿಜಗುಣಪ್ಪನವರು ಇಸ್ತ್ರಿ ಮಾಡಿದ ಧೋತರ ಉಟ್ಟು, ಅಂಗಡಿಯಿಂದ ಫಳಫಳ ಹೊಳೆಯುವ ಹಿತ್ತಾಳೆಯ ಕೊಡವೊಂದನ್ನು ತೆಗೆದುಕೊಂಡು ಹೊರಟರು.

"ಕೊಡ ಯಾಕ್ರಿ?" ಎಂದರು ಸಾವಿತ್ರೆವ್ವ.

"ಪೆಟ್ರೋಲ್ ಹಾಕಸ್ಕೊಂಡ ಬರಾಕ."

"ತಂದು?"

ಅಷ್ಟು ದೂರ ಅವರು ಯೋಚಿಸಿರಲಿಲ್ಲ. "ತಂದ ಮ್ಯಾಲೆ ನೋಡೂಣು," ಎಂದು ಬಸ್ಸು ಹತ್ತಿದರು. ಬಸ್ಸಿನಲ್ಲಿ ಒಂದು ಕೈ ನೋಡಿಬಿಡೋಣವೆಂದು ಕಂಡಕ್ಟರನಿಗೂ ಕಾರ್ಡು ಚಾಚಿದರು. ಅವನು ಗೌರವದಿಂದ ಎರಡೂ ಕೈಯಲ್ಲಿ ಹಿಡಿದು, "ಸ್ವಾತಂತ್ರ್ಯ ಹೋರಾಟಗಾರರ ಪಾಸ್ ಏನ್ರಿ ಅಜ್ಜಾರ?" ಎಂದು ಕೇಳಿದ. ಆಗ ನಿಜಗುಣಪ್ಪನವರಿಗೆ ಐವತ್ತೆರಡು ವರ್ಷ. ಕೋಪದಲ್ಲಿ ನಗದು ಕೊಟ್ಟು ಟಿಕೆಟ್ ತೆಗೆದುಕೊಂಡರು.

ಕಿತ್ತೂರಿನ ಹೆದ್ದಾರಿಯ ಬಂಕಿನಲ್ಲಿ ಬಸಯ್ಯ ಎಂಬಾತ ಎಣ್ಣೆ ಹಾಕುತ್ತಿದ್ದ. ಲಾರಿಗಳ ಸಾಲಿನಲ್ಲಿ ಎರಡು ಲಾರಿಗಳ ನಡುವೆ ಧೋತರ ಉಟ್ಟ ಒಬ್ಬರು ಕೊಡ ಹಿಡಿದು ನಿಂತದ್ದನ್ನು ನೋಡಿ ಅವನಿಗೆ ನೀರಿಗೆ ಬಂದವರಂತೆ ಕಂಡಿತು.

"ನಳ ಆ ಕಡೆ ಐತ್ರಿ."

"ನೀರಲ್ಲೋ, ಪೆಟ್ರೋಲ್ ಹಾಕು. ಕಾರ್ಡ್ ಐತಿ."

"ಗಾಡಿ ಎಲ್ಲೈತ್ರಿ?"

"ಗಾಡಿ ಇಲ್ಲ."

ಬಸಯ್ಯ ಕೊಡದೊಳಗೆ ಇಣುಕಿದ. ಒಳಗೆ ಅವನ ಮುಖವೇ ಕಂಡಿತು. "ಕೊಡದಾಗ ಹಾಕಾಕ ಬರಂಗಿಲ್ರಿ ಯಜಮಾನ್ರ. ಬೆಂಕಿ ಹತ್ತಿದ್ರ ನೀವೂ ಇಲ್ಲ, ನಾನೂ ಇಲ್ಲ, ಕೊಡಾನೂ ಇಲ್ಲ. ಒಂದ ಗಾಡಿ ತಗೊಂಡ ಬರ್ರಿ, ಎಷ್ಟ ಬೇಕಾದ್ರೂ ಹಾಕತೇನಿ."

ನಿಜಗುಣಪ್ಪನವರು ಸೋಲಲಿಲ್ಲ. ಬಂಕಿನ ಬಾಯಿಗೆ ನಿಂತು, ಬರುವ ಗಾಡಿಗಳನ್ನು ಕೈ ಮಾಡಿ ನಿಲ್ಲಿಸತೊಡಗಿದರು. "ನಿಮ್ಮ ಗಾಡೀಗೆ ನಾ ಎಣ್ಣಿ ಹಾಕಸ್ತೇನಿ, ನೀವು ನನಗ ನಗದು ಕೊಡ್ರಿ" ಎಂಬುದು ಅವರ ಬೇಡಿಕೆ. ಮೋಟಾರ್ ಸೈಕಲ್ಲಿನವನೊಬ್ಬ ಇದನ್ನು ಪೂರ್ತಿ ಕೇಳಿ, ಜೇಬು ಮುಟ್ಟಿ ನೋಡಿಕೊಂಡು, ಎಣ್ಣೆಯನ್ನೇ ಹಾಕಿಸದೆ ಓಡಿಹೋದ. ಲಾರಿಯ ಡ್ರೈವರನೊಬ್ಬ ಕೊಡದೊಳಗೆ ಒಂದು ನಾಣ್ಯ ಹಾಕಿ ಕೈಮುಗಿದು ಮುಂದೆ ಹೋದ. ಅದು ಟಣ್ಣೆಂದು ಬಿದ್ದ ಸದ್ದಿಗೆ ಬಸಯ್ಯ ನಗು ತಡೆಯಲಾರದೆ ಕಂಬಕ್ಕೆ ಒರಗಿದ.

ಆ ಹೊತ್ತಿಗೆ ಮಾವಿನ ಸೊಪ್ಪು ಕಟ್ಟಿದ ಟ್ರ್ಯಾಕ್ಸ್ ಗಾಡಿಯೊಂದು ಬಂದು ನಿಂತಿತು. ಮದುವೆಗೆ ಹೊರಟ ಗಂಡಿನ ಕಡೆಯ ಜನ ಅದರೊಳಗೆ ಒಬ್ಬರ ಮೇಲೊಬ್ಬರು ಕೂತಿದ್ದರು. ಡ್ರೈವರ್ ಮಾಳಪ್ಪ ಇಳಿದು ತಲೆ ಕೆರೆದುಕೊಂಡ. ಮದುಮಗನ ಅಪ್ಪ ಭೀಮಶಿ ಖರ್ಚಿನ ಚೀಲವನ್ನು ಕಂಕುಳಲ್ಲಿಟ್ಟುಕೊಂಡು ಮುಂದಿನ ಜೀಪಿನಲ್ಲಿ ಹೋಗಿಬಿಟ್ಟಿದ್ದ. ಇಲ್ಲಿ ಯಾರ ಬಳಿಯೂ ಎಣ್ಣೆಗೆ ದುಡ್ಡಿರಲಿಲ್ಲ.

"ನಾ ಹಾಕಸ್ತೇನಿ!" ನಿಜಗುಣಪ್ಪನವರು ಹೆಚ್ಚುಕಡಿಮೆ ಕೂಗಿಯೇಬಿಟ್ಟರು.

ಬಸಯ್ಯ ಟ್ಯಾಂಕು ತುಂಬಿಸಿ ಕಾರ್ಡು ಉಜ್ಜಿದ. ಯಂತ್ರ ಸುಮ್ಮನಿತ್ತು. ಮತ್ತೆ ಉಜ್ಜಿದ. ಸುಮ್ಮನೇ ಇತ್ತು. ಕಾರ್ಡನ್ನು ಮೂಗಿನ ಹತ್ತಿರ ತಂದು ನೋಡಿ, "ಇದಕ್ಕ ಏನ್ ಹಚ್ಚೀರ್ರಿ?" ಎಂದ.

"ವಿಭೂತಿ."

ಬಸಯ್ಯ ಕಾರ್ಡನ್ನು ಕಣ್ಣಿಗೊತ್ತಿಕೊಂಡು, ಆಮೇಲೆ ಪ್ಯಾಂಟಿಗೆ ತಿಕ್ಕಿ ತಿಕ್ಕಿ ಒರೆಸಿ, ಮತ್ತೊಮ್ಮೆ ಎಳೆದ. ಯಂತ್ರ ಕರಕರ ಎಂದು ಚೀಟಿ ಉಗುಳಿತು. ಟ್ರ್ಯಾಕ್ಸಿನೊಳಗಿಂದ ಚಪ್ಪಾಳೆ ಬಿತ್ತು. ನಿಜಗುಣಪ್ಪನವರು ತಮ್ಮ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಲ್ಲವನ್ನೂ ಬಿಡಿಸಿ ಸಹಿ ಮಾಡಿದರು. ಅದು ಚೀಟಿಯಲ್ಲಿ ಹಿಡಿಸದೆ ಬಸಯ್ಯನ ಅಂಗೈ ಮೇಲೆ ಮುಗಿಯಿತು.

"ಹತ್ರಿ, ಮದುವಿ ಚಚಡ್ಯಾಗ ಐತಿ, ಅಲ್ಲಿ ಭೀಮಶಿ ಕಾಕಾನ ಕಡೆ ರೊಕ್ಕಾ ಇಸ್ಕೊಳ್ಳೂಣು," ಎಂದ ಮಾಳಪ್ಪ. ಬೇರೆ ದಾರಿ ಇರಲಿಲ್ಲ. ಮದುಮಗನ ಅಜ್ಜಿ ಶಟ್ಟೆವ್ವನ ಪಕ್ಕ ಒಂದು ಗೇಣು ಜಾಗದಲ್ಲಿ, ಕೊಡವನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಟ್ರ್ಯಾಕ್ಸು ಬೈಲಹೊಂಗಲದ ಪೇಟೆಯ ಮೇಲೆಯೇ ಹಾದುಹೋಯಿತು. ಕಿಟಕಿಯಲ್ಲಿ ತಮ್ಮ ಅಂಗಡಿ ಬಂತು, ಬಾಗಿಲಲ್ಲಿ ನಿಂತ ಸಾವಿತ್ರೆವ್ವ ಬಂದರು, ಹೋದರು. ನಿಜಗುಣಪ್ಪನವರು ಕೊಡವನ್ನು ಮುಖಕ್ಕೆ ಅಡ್ಡ ಹಿಡಿದರು.

ಚಚಡಿಯಲ್ಲಿ ಹೆಣ್ಣಿನ ಅಪ್ಪ ಯಮನಪ್ಪ ಚಪ್ಪರದ ಬಾಯಲ್ಲಿ ನಿಂತಿದ್ದ. ಟ್ರ್ಯಾಕ್ಸಿನಿಂದ ಮೊದಲು ಇಳಿದವರ ಕೈಯಲ್ಲಿ ಹೊಸ ಹಿತ್ತಾಳೆ ಕೊಡ ಕಂಡದ್ದೇ ಅವನ ಮುಖ ಅರಳಿತು.

"ಬರ್ರಿ ಬರ್ರಿ! ಇಷ್ಟ ದೊಡ್ಡ ಕೊಡ ಹೊತ್ಕೊಂಡ ಬಂದೀರಿ, ತ್ರಾಸ ಯಾಕ ತಗೊಂಡ್ರಿ?" ಎಂದು ಕೊಡವನ್ನು ಇಸಿದುಕೊಂಡು, ಹೆಸರು ಕೇಳಿ, ನೇರ ಮೈಕಿನವನ ಕೈಗೆ ದಾಟಿಸಿದ.

ನಿಜಗುಣಪ್ಪನವರು "ಅಲ್ರಿ, ಅದು" ಎನ್ನುವಷ್ಟರಲ್ಲಿ ಸ್ಪೀಕರು ಊರಿಗೆಲ್ಲ ಕೂಗಿತು: "ಬೈಲಹೊಂಗಲದ ನಿಜಗುಣಪ್ಪನವರಿಂದ ಮದುಮಕ್ಕಳಿಗೆ ಒಂದು ಹಿತ್ತಾಳಿ ಕೊಡ ಆಯೇರಿ!" ಲಾರಿ ಡ್ರೈವರ್ ಹಾಕಿದ್ದ ನಾಣ್ಯ ಒಳಗೆ ಗಲಗಲ ಎಂದಿತು. ಶಕುನಕ್ಕೆ ದುಡ್ಡನ್ನೂ ಹಾಕಿ ತಂದಿದ್ದಾರೆಂದು ಹೆಂಗಸರು ತಮ್ಮ ತಮ್ಮಲ್ಲೇ ಮೆಚ್ಚಿಕೊಂಡರು.

ಇನ್ನು ಉಡುಗೊರೆಯಾಗಿಹೋದ ಕೊಡ ವಾಪಸು ಕೇಳುವುದು ಹೇಗೆ? ಭೀಮಶಿಯನ್ನಾದರೂ ಹಿಡಿಯೋಣವೆಂದರೆ ಆತ ಮಂತ್ರದ ನಡುವೆ ಕೂತಿದ್ದ. ಎದ್ದಾಗ ಬೀಗರ ನಡುವೆ, ಆಮೇಲೆ ಫೋಟೊದವನ ಮುಂದೆ. ನಿಜಗುಣಪ್ಪನವರು ಅವನ ಬೆನ್ನು ಬಿಡದೆ ಸುತ್ತಿದರು. ಹೀಗಾಗಿ ಪ್ರತಿ ಫೋಟೊದಲ್ಲೂ ಅವರೂ ನಿಂತರು. ಕೊನೆಗೊಮ್ಮೆ ಭೀಮಶಿಯ ತೋಳು ಹಿಡಿದು, "ಎಣ್ಣಿ ಹಾಕಸಿದ್ದು," ಎಂದರು. ಅವನು ಬಾಜಾದ ಗದ್ದಲದಲ್ಲಿ ಸರಿಯಾಗಿ ಕೇಳಿಸಿಕೊಳ್ಳದೆ, "ಎಣ್ಣಿ ಶಾಸ್ತ್ರ ನಿನ್ನೆನ ಮುಗೀತ್ರಿ, ಊಟಕ್ಕ ಏಳ್ರಿ," ಎಂದು ಪಂಕ್ತಿಯಲ್ಲಿ ಕೂರಿಸಿದ. ಹೋಳಿಗೆ ಬಹಳ ಚೆನ್ನಾಗಿತ್ತು. ನಾಲ್ಕನೆಯದಕ್ಕೆ ನಿಜಗುಣಪ್ಪನವರಿಗೆ ಎಣ್ಣೆಯ ಚಿಂತೆ ಸ್ವಲ್ಪ ಹಿಂದೆ ಸರಿಯಿತು. ಆರನೆಯದಕ್ಕೆ ಮರೆತೇಹೋಯಿತು.

ಸಂಜೆ ಬಸ್ಸಿನಲ್ಲಿ ಮನೆಗೆ ಬಂದರು.

"ಕೊಡ ಎಲ್ರಿ?" ಎಂದರು ಸಾವಿತ್ರೆವ್ವ.

"ಮದುವ್ಯಾಗ ಆಯೇರಿ ಮಾಡಿ ಬಂದೆ."

"ಯಾರ ಮದುವ್ಯಾಗ?"

ನಿಜಗುಣಪ್ಪನವರು ಟೊಪ್ಪಿಗೆ ತೆಗೆದು ಗೂಟಕ್ಕೆ ಹಾಕಿದರು. "ಮದುಮಕ್ಕಳ ಹೆಸರ ಕೇಳೂದ ಬಿಟ್ಟೆ ನೋಡು."

ಸಾವಿತ್ರೆವ್ವ ಗೋಡೆಗೆ ಒರಗಿ ಕೂತು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅವರು ಅಷ್ಟು ನಕ್ಕದ್ದನ್ನು ನಾವು ಎದುರು ಮನೆಯವರು ಮೊದಲ ಸಲ ಕೇಳಿದ್ದು. ನಿಜಗುಣಪ್ಪನವರು ಮೊದಲು ಮುಖ ಊದಿಸಿಕೊಂಡರು. ಆಮೇಲೆ ಅವರಿಗೂ ತಡೆಯಲಾಗಲಿಲ್ಲ.

ಮುಂದಿನ ತಿಂಗಳು ಬಿಲ್ಲು ಬಂತು. ಗಡುವಿನೊಳಗೆ ಕಟ್ಟಿದರು. ವರ್ಷದ ಫೀ ಮಾಫ್ ಆಯಿತೆಂದು ಮಹಾದೇವ ಅಭಿನಂದಿಸಿದ.

ಅದಾಗಿ ಕೆಲವು ದಿನಕ್ಕೆ ಭೀಮಶಿ ಮತ್ತು ಯಮನಪ್ಪ ಇಬ್ಬರೂ ಜೊತೆಯಾಗಿ ಅಂಗಡಿಗೆ ಬಂದರು. ಮದುವೆಯ ಆಲ್ಬಮ್ಮು ಯಮನಪ್ಪನ ಬಗಲಲ್ಲಿತ್ತು. ಎರಡೂ ಮನೆಗಳಲ್ಲಿ ಜಗಳವೇ ನಡೆದಿತ್ತಂತೆ. ಪ್ರತಿ ಫೋಟೊದಲ್ಲಿರುವ ಈ ಕರಿ ಟೊಪ್ಪಿಗೆಯವರು ಹೆಣ್ಣಿನ ಕಡೆಯ ಹಿರಿಯರೆಂದು ಭೀಮಶಿ, ಅಲ್ಲ ಗಂಡಿನ ಕಡೆಯವರೆಂದು ಯಮನಪ್ಪ. ಕೊನೆಗೆ ಮಾಳಪ್ಪನನ್ನು ಕರೆಸಿ ಕೇಳಿದಾಗ ಎಣ್ಣೆಯ ಸಂಗತಿ ಬಯಲಾಗಿತ್ತು.

"ತಪ್ಪಾತ್ರಿ ಯಜಮಾನ್ರ," ಎಂದು ಭೀಮಶಿ ಎಣ್ಣೆಯ ದುಡ್ಡನ್ನು ಮುಂದಿಟ್ಟ. ಯಮನಪ್ಪ ಕೊಡವನ್ನೂ ತಂದಿದ್ದ. ಆದರೆ ಅಷ್ಟರಲ್ಲಿ ಮದುಮಗಳು ಶೈಲಶ್ರೀ ಅದರಲ್ಲಿ ನೀರು ತುಂಬಿ, ಬಾಗಿಲ ಮೂಲೆಗೆ ತಾಗಿಸಿ, ಹೊಟ್ಟೆಯಲ್ಲಿ ಒಂದು ನೆಗ್ಗು ಮಾಡಿದ್ದಳು.

ದುಡ್ಡನ್ನು ನಿಜಗುಣಪ್ಪನವರು ತೆಗೆದುಕೊಂಡರು. ಕೊಡವನ್ನು ಸಾವಿತ್ರೆವ್ವ ಮುಟ್ಟಗೊಡಲಿಲ್ಲ. ನೆಗ್ಗು ತೆಗೆಸಿ, ಹುಣಸೆಹಣ್ಣಿನಿಂದ ತಿಕ್ಕಿ, ಒಳಗೆ ಕುಪ್ಪಸಕ್ಕೆಂದು ಒಂದು ಖಣ ಇಟ್ಟು ವಾಪಸು ಕಳಿಸಿದರು. "ಮಗಳಿಗೆ ಹೇಳ್ರಿ, ನಮ್ಮ ಮನಿಯಾವ್ರು ಇಷ್ಟ ಚಲೋ ಕೆಲಸಾ ಬೇಕಂತ ಎಂದೂ ಮಾಡಿದವರಲ್ಲ. ತಪ್ಪಿ ಮಾಡ್ಯಾರ, ಇರಲಿ."

ಆಮೇಲೆ ಎರಡೂ ಮನೆಯ ತೊಟ್ಟಿಲು, ಜಾವಳ, ಸೀಮಂತ ಎಲ್ಲ ಕಾರ್ಯಕ್ಕೂ ನಿಜಗುಣಪ್ಪನವರಿಗೂ ಸಾವಿತ್ರೆವ್ವನಿಗೂ ಕರೆ ಬರತೊಡಗಿತು. ಪಾತ್ರೆಗಳನ್ನೂ ಆ ಮನೆಯವರು ಈ ಅಂಗಡಿಯಲ್ಲೇ ಕೊಂಡರು, ನಗದಿಗೆ. ಕಾರ್ಯಗಳಲ್ಲಿ ನಿಜಗುಣಪ್ಪನವರನ್ನು ಯಾವ ಕಡೆಯವರೆಂದು ಕೂರಿಸಬೇಕೆಂಬುದು ಮಾತ್ರ ಇಂದಿಗೂ ತೀರ್ಮಾನವಾಗಿಲ್ಲ. ಅವರು ಪಂಕ್ತಿಯ ನಡುಮಧ್ಯ ಕೂರುತ್ತಾರೆ. ಬಡಿಸುವವರು ಎರಡೂ ಕಡೆಯಿಂದ ಬರುತ್ತಾರೆ.